ಧೂಳನ್ನು ಮೊದಲ ಪುಟಕ್ಕೆ ತನ್ನಿ

ಪ್ರಿಯರೇ,

ಜಮಖಂಡಿಯಿಂದ ನೀವು ಕಳಿಸಿದ ‘ಹೊಳೆಯುವ ಖಾರಪುಡಿ’ ಓದಿದೆ. ವಿಕಿರಣ ಹಾಯಿಸಿದ ಮಸಾಲೆಯನ್ನು ಬೆಳಕಿನ ಪರೀಕ್ಷೆಯಿಂದ ಪತ್ತೆ ಹಚ್ಚುವ ವಿಷಯ ನಮ್ಮ ಮೇಜಿಗೆ ಬರುವುದೇ ಅಪರೂಪ. ಆದರೂ ಈಗಿರುವ ಹಾಗೆ ಹಾಕಲಾರೆ.

ಮೊದಲ ಪುಟ ಪೂರ್ತಿ ಹೆದರಿಕೆ. ‘ನಿಮ್ಮ ಖಾರದ ಡಬ್ಬಿಯಲ್ಲಿ ಅಣುಬಾಂಬ್?’ ಅಂತ ಕೇಳಿದ್ದೀರಿ. ಹಾಗೇನೂ ಇಲ್ಲರೀ. ಕೋಬಾಲ್ಟ್-60ರ ಗಾಮಾ ಕಿರಣ ಹಾಯಿಸಿದರೆ ಹುಳ, ಬೂಸ್ಟು, ಬ್ಯಾಕ್ಟೀರಿಯಾ ಸಾಯುತ್ತವೆ. ಖಾರಪುಡಿ ವಿಕಿರಣಶೀಲ ಆಗುವುದಿಲ್ಲ. ನಮ್ಮ ದೇಶದಲ್ಲಿ ಇದಕ್ಕೆ ಅನುಮತಿ ಇದೆ. ಯುರೋಪಿನಲ್ಲೂ ಒಣ ಮಸಾಲೆಗೆ 10 ಕಿಲೋಗ್ರೇವರೆಗೆ (ಮಾಲು ಹೀರಿಕೊಂಡ ವಿಕಿರಣದ ಅಳತೆ ಅದು) ಬಿಡುತ್ತಾರೆ. ಆದರೆ ಪೊಟ್ಟಣದ ಮೇಲೆ ಅದನ್ನು ಬರೆಯಲೇಬೇಕು. ಬರೆಯದೆ ಮಾರಿದರೆ ಹಿಡಿಯುವುದು ಹೇಗೆ? ನಿಮ್ಮ ಲೇಖನ ಕೇಳಬೇಕಾದ ಪ್ರಶ್ನೆ ಇದು.

ಉತ್ತರ ನಿಮ್ಮ ಹತ್ತಿರವೇ ಇದೆ. ನಾಲ್ಕನೇ ಪುಟದ ಮೂಲೆಯಲ್ಲಿ ಒಂದೇ ಸಾಲು: ‘ಮಸಾಲೆಗೆ ಅಂಟಿದ ಖನಿಜ ಕಣಗಳು ಬೆಳಕು ಕೊಡುತ್ತವೆ.’ ಅಂದರೆ ಗುಟ್ಟು ಬಿಟ್ಟುಕೊಡುವುದು ಮೆಣಸಿನಕಾಯಿ ಮೇಲಿನ ಧೂಳು! ಇಂಥ ಸಂಗತಿಯನ್ನು ಅಲ್ಲಿ ಅಡಗಿಸಿಡುವುದೇ? ಬೇಸಿಗೆಯಲ್ಲಿ ವರ್ಷದ ಖಾರಕ್ಕೆ ಮಾಳಿಗೆ ಮೇಲೆ ಮೆಣಸಿನಕಾಯಿ ಒಣಹಾಕುವ ಊರಿನವರು ನೀವು. ಗಾಳಿಗೆ ಹಾರಿ ಬಂದು ಕೂರುವ ಮಣ್ಣಿನಲ್ಲಿ ಕ್ವಾರ್ಟ್ಜ್, ಫೆಲ್ಡ್‌ಸ್ಪಾರ್ ಚೂರುಗಳಿರುತ್ತವೆ. ವಿಕಿರಣದ ಶಕ್ತಿ ಸ್ವಲ್ಪ ಆ ಹರಳುಗಳಲ್ಲಿ ಸಿಕ್ಕಿಕೊಂಡು ಉಳಿಯುತ್ತದೆ. ಕಾಯಿಸಿದರೆ ಬೆಳಕಾಗಿ ಹೊರಬರುತ್ತದೆ. ಅದು ಥರ್ಮೋಲುಮಿನೆಸೆನ್ಸ್. ಕಾಯಿಸುವ ಬದಲು ಇನ್‌ಫ್ರಾರೆಡ್ ಬೆಳಕು ಬಿಟ್ಟು ಹೊರಡಿಸಿದರೆ ಪಿಎಸ್‌ಎಲ್, ಅಂದರೆ ಫೋಟೋಸ್ಟಿಮ್ಯುಲೇಟೆಡ್ ಲುಮಿನೆಸೆನ್ಸ್. ಲೇಖನ ಇಲ್ಲಿಂದ ಶುರುವಾಗಲಿ. ಮಿಂಚುಹುಳದ ಉಪಮೆ ತೆಗೆಯಿರಿ. ಓದಿದವರು ರಾತ್ರಿ ದೀಪ ಆರಿಸಿ ಡಬ್ಬಿ ನೋಡುತ್ತಾ ಕೂತಾರು. ಈ ಬೆಳಕನ್ನು ಎಣಿಸಲು ಸೂಕ್ಷ್ಮ ಉಪಕರಣವೇ ಬೇಕು.

‘ಪಿಎಸ್‌ಎಲ್ ತಪ್ಪುವುದೇ ಇಲ್ಲ’ ಅನ್ನುವ ಸಾಲಿಗೆ ಗೆರೆ ಹೊಡೆದಿದ್ದೇನೆ. ಒಂದು ನಿಮಿಷದ ಬೆಳಕಿನ ಎಣಿಕೆ 700ರ ಒಳಗಿದ್ದರೆ ವಿಕಿರಣ ಹಾಯಿಸಿದ ಗುರುತು ‘ಇಲ್ಲ’, 5000 ದಾಟಿದರೆ ‘ಹೌದು’, ನಡುವೆ ಬಂದರೆ ಅನುಮಾನ. ಆ ‘ಇಲ್ಲ’ವನ್ನೂ ಪೂರ್ತಿ ನಂಬುವ ಹಾಗಿಲ್ಲ. ಧೂಳು ತೀರಾ ಕಡಿಮೆ ಇರುವ ಮಾಲು, ಲವಂಗ, ಜಾಯಿಕಾಯಿ, ಕಾಳುಮೆಣಸಿನ ಪುಡಿ ಇವೆಲ್ಲ ವಿಕಿರಣ ಹಾಯ್ದಿದ್ದರೂ ಬೆಳಕು ಕೊಡದೆ ಸುಮ್ನೆ ಇರಬಹುದು. ಉಪ್ಪು ಬೆರೆತ ಮಸಾಲೆಯಲ್ಲಿ ಉಪ್ಪಿನ ಬೆಳಕೇ ಜಾಸ್ತಿಯಾಗಿ ಉಳಿದದ್ದನ್ನು ಮುಚ್ಚಬಹುದು.

ಅನುಮಾನ ಬಂದ ಮೇಲೆ ಏನು ಮಾಡುತ್ತಾರೆ ಅನ್ನುವುದು ನನಗೆ ಎಲ್ಲಕ್ಕಿಂತ ಇಷ್ಟದ ಭಾಗ. ನೀವು ಅದನ್ನು ಬಿಟ್ಟೇಬಿಟ್ಟಿದ್ದೀರಿ. ಮಸಾಲೆ ತೊಳೆದು, ಸಾಂದ್ರ ದ್ರವದಲ್ಲಿ ಧೂಳನ್ನಷ್ಟೇ ಬೇರೆ ಮಾಡಿ, ಕಾಯಿಸಿ ಬೆಳಕು ಅಳೆಯುತ್ತಾರೆ. ಆಮೇಲೆ ಅದೇ ಧೂಳಿಗೆ ಗೊತ್ತಿರುವಷ್ಟು ವಿಕಿರಣ ಕೊಟ್ಟು ಮತ್ತೆ ಕಾಯಿಸುತ್ತಾರೆ. ಎರಡನೇ ಬೆಳಕಿನ ಮುಂದೆ ಮೊದಲನೆಯದು ಏನೂ ಅಲ್ಲ ಅನ್ನುವಷ್ಟು ಸಣ್ಣದಾಗಿದ್ದರೆ, ಮಾಲಿಗೆ ವಿಕಿರಣ ಹಾಯಿಸಿಲ್ಲ. ಇದನ್ನು ನಿಧಾನವಾಗಿ, ಒಂದು ಪುಟ ತುಂಬ ಬರೆಯಿರಿ.

ಉಳಿದದ್ದು ಎರಡು ಪುಟದಲ್ಲಿ ಮುಗಿಯಲಿ. ಮುಂದಿನ ತಿಂಗಳ ಹತ್ತರೊಳಗೆ ಬಂದರೆ ಆ ಸಂಚಿಕೆಗೇ ನೋಡೋಣ. ಸಂಭಾವನೆ ಜಾಸ್ತಿ ಇರುವುದಿಲ್ಲ, ಅದೂ ಈಗಲೇ ಗೊತ್ತಿರಲಿ.

ಸಂಪಾದಕ, ಬಾಗಲಕೋಟೆ