ಸಂಪಾದಕರ ಉತ್ತರ: ಅಣ್ಣನ ಬೂಟಿನಲ್ಲಿ ಎಷ್ಟು ದಿನ?

ಅಕ್ಕಾ, ನಮಸ್ಕಾರ.

ನಿಮ್ಮ ಪತ್ರ ಬಂದು ಹದಿನೈದು ದಿನವಾಯಿತು. ಹೆಸರು, ಓಣಿ ಯಾವುದೂ ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಉಳಿದ ಓದುಗರಿಗೆ ವಿಷಯ ತಿಳಿಯಲೆಂದು ನಿಮ್ಮ ಕೆಲವು ಸಾಲು ಮಾತ್ರ ಇಲ್ಲಿ ಕೊಡುತ್ತೇನೆ:

"ಮಗಳು ಒಂಬತ್ತನೇ ಕ್ಲಾಸು. ಬೆಳಿಗ್ಗೆ ಹೈಸ್ಕೂಲ್ ಮೈದಾನಕ್ಕೆ ಹೋಗಿ ಹುಡುಗರ ಜೊತೆ ಫುಟ್‌ಬಾಲ್ ಆಡ್ತಾಳೆ. ಅಣ್ಣನ ಬೂಟಿನ ತುದಿಗೆ ಬಟ್ಟೆ ತುರುಕಿ ಹಾಕ್ಕೊಂತಾಳೆ. ಪಿ.ಟಿ. ಮಾಸ್ತರು 'ಈಕಿ ಪ್ರೊಫೆಷನಲ್ ಆಗೋ ಹುಡುಗಿ, ಬಿಡಿಸಬ್ಯಾಡ್ರಿ' ಅಂತಾರೆ. ನಮ್ಮತ್ತೆ 'ಕಾಲು ಮುರ್ಕೊಂಡ್ರೆ ನಾಳೆ ಯಾರು ಮಾಡ್ಕೊಂತಾರೆ' ಅಂತಾರೆ. ಮನೆಯವರು ಗೂಡ್ಸ್ ಆಟೊ ಓಡಿಸ್ತಾರೆ, ನಾನು ಮನೇಲೇ ಬಟ್ಟೆ ಹೊಲಿತೀನಿ. ಫುಟ್‌ಬಾಲ್ ಆಡಿ ಒಬ್ಬ ಹೆಣ್ಮಗಳು ಹೊಟ್ಟೆ ತುಂಬಿಸ್ಕೊಂಡಿದ್ದು ಎಲ್ಲಾದ್ರೂ ಐತಾ? ಇದ್ರೆ ಐತೆ ಅನ್ರಿ, ಇಲ್ಲಾಂದ್ರೆ ಇಲ್ಲ ಅನ್ರಿ. ಸಮಾಧಾನಕ್ಕಂತ ಸುಳ್ಳು ಬ್ಯಾಡ."

ಐತೆ, ಅಕ್ಕಾ. ಆದರೆ ಹೇಗೆ ಐತೆ ಎಂಬುದನ್ನು ಬಿಡಿಸಿ ಹೇಳಬೇಕು. ಅರ್ಧ ಹೇಳಿದರೆ ಅದೂ ಸುಳ್ಳೇ ಆಗುತ್ತದೆ.

ಮಣಿಪುರದ ಬಿಷ್ಣುಪುರ ಜಿಲ್ಲೆಯಲ್ಲಿ ಇರೆಂಗ್‌ಬಮ್ ಅಂತ ಒಂದು ಹಳ್ಳಿ. ಬಾಲಾ ದೇವಿ ಅಲ್ಲಿ 1990ರಲ್ಲಿ ಹುಟ್ಟಿದರು. ನಿಮ್ಮ ಮಗಳ ಹಾಗೆ ಮೊದಲು ಆಡಿದ್ದು ಊರ ಹುಡುಗರ ಜೊತೆಗೇ. ಹದಿನೈದಕ್ಕೆಲ್ಲ ಭಾರತ ತಂಡದ ಜೆರ್ಸಿ ಮೈಮೇಲೆ ಬಂತು. ಜೆರ್ಸಿ ಬಂತು ಅಂದರೆ ಸಂಬಳ ಬಂತು ಅಂತಲ್ಲ. ದೇಶದ ಪರ ಆಡುವ ಹೆಣ್ಣುಮಕ್ಕಳಿಗೆ ಆಗ ವರ್ಷದಲ್ಲಿ ಬೆರಳೆಣಿಕೆಯ ಪಂದ್ಯ, ಉಳಿದ ದಿನ ಏನೂ ಇಲ್ಲ. ಅವರು ಮಣಿಪುರ ಪೊಲೀಸ್ ಸೇರಿದರು. ಡ್ಯೂಟಿಯ ಸಂಬಳ ಮನೆ ನಡೆಸಿತು, ಕಾಲು ಆಟ ನಡೆಸಿತು. 2014ರಲ್ಲಿ ಮಾಲ್ಡೀವ್ಸ್‌ನ ನ್ಯೂ ರೇಡಿಯಂಟ್ ಕ್ಲಬ್‌ಗೆ ಆಡಿ ಬಂದರು. 2018-19ರ ಇಂಡಿಯನ್ ವಿಮೆನ್ಸ್ ಲೀಗ್‌ನಲ್ಲಿ ಮಣಿಪುರ ಪೊಲೀಸ್ ತಂಡದ ಪರ 26 ಗೋಲು ಹೊಡೆದರು. 2020ರ ಜನವರಿಯಲ್ಲಿ, ಮೂವತ್ತು ತುಂಬಲು ಇನ್ನು ಕೆಲವೇ ದಿನ ಇದೆ ಅನ್ನುವಾಗ, ಸ್ಕಾಟ್ಲೆಂಡಿನ ರೇಂಜರ್ಸ್ ಕ್ಲಬ್ ಅವರನ್ನು ಹದಿನೆಂಟು ತಿಂಗಳ ಒಪ್ಪಂದಕ್ಕೆ ಕರೆಸಿಕೊಂಡಿತು. ಬೆನ್ನ ಮೇಲೆ 10ನೇ ನಂಬರು. ಯುರೋಪಿನ ಕ್ಲಬ್ಬೊಂದರಲ್ಲಿ ಪೂರ್ಣಾವಧಿ ವೃತ್ತಿಪರ ಒಪ್ಪಂದ ಪಡೆದ ಮೊದಲ ಭಾರತೀಯ ಫುಟ್‌ಬಾಲ್ ಆಟಗಾರ್ತಿ ಅವರೇ.

ಹೋದ ಎರಡೇ ತಿಂಗಳಿಗೆ ಕೊರೊನಾ ಬಂದು ಆಟ ನಿಂತಿತು. ಗೊತ್ತಿಲ್ಲದ ಊರು, ಚಳಿ, ಬಾಗಿಲು ಹಾಕಿದ ಮೈದಾನ. ಮೊದಲ ಗೋಲು ಬಂದದ್ದು ಡಿಸೆಂಬರ್‌ನಲ್ಲಿ, ಮದರ್‌ವೆಲ್ ತಂಡದ ವಿರುದ್ಧ. ಆಮೇಲೆ ಮೊಣಕಾಲಿನ ಪೆಟ್ಟು, ಬಹಳ ಕಾಲ ಹೊರಗೆ. ಮುಗಿಯಿತು ಅಂತ ಅಂದುಕೊಂಡವರೇ ಹೆಚ್ಚು. 2024ರ ಅಕ್ಟೋಬರ್‌ನಲ್ಲಿ ಕಠ್ಮಂಡುವಿನಲ್ಲಿ ಪಾಕಿಸ್ತಾನದ ವಿರುದ್ಧ ಭಾರತಕ್ಕಾಗಿ ತಮ್ಮ 50ನೇ ಗೋಲು ಹೊಡೆದಾಗ ಅವರಿಗೆ ಮೂವತ್ತನಾಲ್ಕು ವರ್ಷ.

ಈ ಲೆಕ್ಕವನ್ನು ಒಮ್ಮೆ ನೋಡಿ ಅಕ್ಕಾ. ದೇಶದ ಜೆರ್ಸಿ ಹದಿನೈದಕ್ಕೆ, ಪೂರ್ಣಾವಧಿ ಒಪ್ಪಂದ ಮೂವತ್ತಕ್ಕೆ. ನಡುವಿನ ಹದಿನೈದು ವರ್ಷದಲ್ಲಿ ಬಹುಪಾಲು ಅನ್ನ ಕೊಟ್ಟದ್ದು ಖಾಕಿ. ಆ ಖಾಕಿಯವರೆಗೆ ಕರೆದುಕೊಂಡು ಹೋದದ್ದು ಚೆಂಡು. ನಿಮ್ಮ ಪ್ರಶ್ನೆಗೆ ನಾನು ಕೊಡಬಹುದಾದ ಅತ್ಯಂತ ಪ್ರಾಮಾಣಿಕ ಉತ್ತರ ಇದು.

ಇದು ಅವರೊಬ್ಬರ ಕಥೆಯೂ ಅಲ್ಲ. 2020ರಲ್ಲಿ ಪದ್ಮಶ್ರೀ ಪಡೆದ ಬೆಂಬೆಂ ದೇವಿ, ಚಿಕ್ಕವರಿದ್ದಾಗ ಹುಡುಗನ ಹೆಸರು ಹೇಳಿಕೊಂಡು ಹುಡುಗರ ತಂಡದಲ್ಲಿ ನುಸುಳಿ ಆಡಿದವರು, ಅವರೂ ಮಣಿಪುರ ಪೊಲೀಸ್. 2025ರ ಜುಲೈ 5ರಂದು ಥಾಯ್ಲೆಂಡಿನ ಚಿಯಾಂಗ್ ಮಾಯ್‌ನಲ್ಲಿ ಅದೇ ದೇಶದ ತಂಡದ ವಿರುದ್ಧ ಎರಡು ಗೋಲು ಹೊಡೆದು ಭಾರತವನ್ನು ಏಷ್ಯಾ ಕಪ್‌ಗೆ ದಾಟಿಸಿದ ಸಂಗೀತಾ ಬಾಸ್ಫೋರ್ ಬಂಗಾಳದ ಹುಡುಗಿ, ಸಶಸ್ತ್ರ ಸೀಮಾ ಬಲದ ಉದ್ಯೋಗಿ. ಅರ್ಹತಾ ಸುತ್ತು ಆಡಿ, ಗೆದ್ದು ನಮ್ಮ ಹೆಣ್ಣುಮಕ್ಕಳು ಏಷ್ಯಾ ಕಪ್‌ಗೆ ಹೋದದ್ದು ಅದೇ ಮೊದಲು. ರೈಲ್ವೆಯಲ್ಲೂ ಮಹಿಳಾ ತಂಡ ಇದೆ. ಕ್ರೀಡಾ ಕೋಟಾ ಅನ್ನುವ ಎರಡು ಪದ ಎಷ್ಟು ಮನೆಗಳ ಒಲೆ ಹೊತ್ತಿಸಿದೆ ಎಂಬುದನ್ನು ದಾವಣಗೆರೆಯವರಿಗೆ ನಾನು ಹೇಳಬೇಕಿಲ್ಲ, ನಮ್ಮ ಕುಸ್ತಿ, ಕೊಕ್ಕೊ ಆಡಿದವರನ್ನು ಕೇಳಿದರೆ ಸಾಕು.

ಬರೀ ಆಟದ ದುಡ್ಡಿನ ಮಾತು ಬೇರೆ. ಇಂಡಿಯನ್ ವಿಮೆನ್ಸ್ ಲೀಗ್ ಶುರುವಾದದ್ದೇ 2017ರಲ್ಲಿ. 2023ರಲ್ಲಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಒಂದು ತೀರ್ಮಾನ ಮಾಡಿತು: ಈ ಲೀಗ್‌ನ ಪ್ರತಿ ಕ್ಲಬ್ಬೂ ಕನಿಷ್ಠ ಹತ್ತು ಭಾರತೀಯ ಆಟಗಾರ್ತಿಯರಿಗೆ ವರ್ಷಕ್ಕೆ ಕನಿಷ್ಠ 3.2 ಲಕ್ಷ ರೂಪಾಯಿಯ ಒಪ್ಪಂದ ಕೊಡಬೇಕು. ತಿಂಗಳಿಗೆ ಹಂಚಿದರೆ ಇಪ್ಪತ್ತಾರು ಸಾವಿರ ಚಿಲ್ಲರೆ. ದೊಡ್ಡ ದುಡ್ಡಲ್ಲ. ಆದರೆ ಬಾಲಾ ದೇವಿಗೆ ಇಪ್ಪತ್ತನೇ ವಯಸ್ಸಿನಲ್ಲಿ ಇದೂ ಇರಲಿಲ್ಲ.

ಕಾಲ ಬದಲಾಗುತ್ತಿದೆ ಎಂದು ನಾನು ನಂಬಿರುವುದು ಇನ್ನೊಬ್ಬ ಹುಡುಗಿಯನ್ನು ನೋಡಿ. ಪಂಜಾಬಿನ ಹೋಶಿಯಾರ್‌ಪುರ ಜಿಲ್ಲೆಯ ಮನೀಷಾ ಕಲ್ಯಾಣ್. ಶಾಲೆಯಲ್ಲಿ ಓಟಗಾರ್ತಿ, ಅಲ್ಲಿಂದ ಫುಟ್‌ಬಾಲಿಗೆ ಬಂದವಳು. 2021ರ ನವೆಂಬರ್‌ನಲ್ಲಿ ಬ್ರೆಜಿಲ್ ವಿರುದ್ಧ ಅವರ ನೆಲದಲ್ಲೇ ಗೋಲು ಹೊಡೆದಳು. ಆ ಪಂದ್ಯ ನಾವು 6-1ರಿಂದ ಸೋತೆವು, ಆ ಒಂದು ಅವಳದು. ಮರುವರ್ಷ ಸೈಪ್ರಸ್‌ನ ಅಪೊಲೊನ್ ಕ್ಲಬ್ ಸೇರಿ, ಯುರೋಪಿನ ಮಹಿಳಾ ಚಾಂಪಿಯನ್ಸ್ ಲೀಗ್‌ನಲ್ಲಿ ಆಡಿದ ಮೊದಲ ಭಾರತೀಯಳಾದಳು. ಆಗ ಅವಳಿಗೆ ಇಪ್ಪತ್ತು. ಬಾಲಾ ದೇವಿಗೆ ಮೂವತ್ತಕ್ಕೆ ತೆರೆದ ಬಾಗಿಲು ಮನೀಷಾಗೆ ಹತ್ತು ವರ್ಷ ಮೊದಲೇ ತೆರೆಯಿತು. ನಿಮ್ಮ ಮಗಳಿಗೆ ಈಗ ಹದಿನಾಲ್ಕು.

ಇನ್ನು ಅತ್ತೆಯವರ ಮಾತು. ದಯವಿಟ್ಟು ಅವರನ್ನು ಬೈಯಬೇಡಿ, ಅವರ ಭಯ ಹುಸಿಯಲ್ಲ. ಮೊಣಕಾಲಿನ ಒಳಗೆ ತೊಡೆಮೂಳೆಯನ್ನೂ ಕಣಕಾಲಿನ ಮೂಳೆಯನ್ನೂ ಬಿಗಿಹಿಡಿಯುವ ಎಸಿಎಲ್ ಎಂಬ ಹುರಿ ಇದೆ. ಗಂಡುಮಕ್ಕಳಿಗಿಂತ ಹೆಣ್ಣುಮಕ್ಕಳಲ್ಲಿ ಅದು ಹರಿಯುವುದು ಎರಡು ಮೂರು ಪಟ್ಟು ಹೆಚ್ಚು. ಎದುರಾಳಿ ಒದೆಯಬೇಕೆಂದೂ ಇಲ್ಲ. ಓಡುತ್ತಾ ಗಕ್ಕನೆ ತಿರುಗಿದಾಗ, ನೆಗೆದು ಒಂದೇ ಕಾಲ ಮೇಲೆ ಇಳಿದಾಗ, ಮಂಡಿ ಒಳಕ್ಕೆ ವಾಲಿದರೆ ಸಾಕು. ಆಪರೇಷನ್ ಆದರೆ ಮತ್ತೆ ಮೈದಾನಕ್ಕೆ ಇಳಿಯಲು ಸಾಮಾನ್ಯವಾಗಿ ಒಂಬತ್ತು ತಿಂಗಳು, ವರ್ಷ ಬೇಕು. ಇದಕ್ಕೆ ಮಾಡಬಹುದಾದದ್ದೂ ಇದೆ. ಫಿಫಾ 11+ ಅಂತ ಇಪ್ಪತ್ತು ನಿಮಿಷದ ವಾರ್ಮ್ ಅಪ್ ಕ್ರಮ ಇದೆ. ನಿಧಾನದ ಓಟ, ಒಂಟಿ ಕಾಲಲ್ಲಿ ನಿಲ್ಲುವುದು, ಪ್ಲ್ಯಾಂಕ್, ತೊಡೆಯ ಹಿಂಭಾಗಕ್ಕೆ ಕಸರತ್ತು, ಮಂಡಿ ಒಳಗೆ ಹೋಗದಂತೆ ನೆಗೆದು ಇಳಿಯುವ ಅಭ್ಯಾಸ. ವಾರಕ್ಕೆ ಎರಡು ಸಲವಾದರೂ ತಪ್ಪದೆ ಮಾಡಿದ ತಂಡಗಳಲ್ಲಿ ಪೆಟ್ಟು ಗಣನೀಯವಾಗಿ ಕಡಿಮೆಯಾಗಿದೆ. ಪೈಸೆ ಖರ್ಚಿಲ್ಲ. ಪಿ.ಟಿ. ಮಾಸ್ತರನ್ನು ಕೇಳಿ: ಆಟಕ್ಕೆ ಮೊದಲು ಮಕ್ಕಳಿಗೆ ಇದನ್ನು ಮಾಡಿಸುತ್ತಾರಾ ಅಂತ. ಮಾಡಿಸದಿದ್ದರೆ ಕೇಳುವ ಹಕ್ಕು ತಾಯಿಗೆ ಇದೆ.

ಮದುವೆಯ ವಿಷಯಕ್ಕೆ ಒಂದೇ ಮಾತು. ಆಟಗಾರ್ತಿ ತಾಯಿಯಾದರೆ ಕನಿಷ್ಠ ಹದಿನಾಲ್ಕು ವಾರ ರಜೆ, ಸಂಬಳದ ಮೂರನೇ ಎರಡು ಭಾಗ ಕೊಡಬೇಕೆಂದು ಫಿಫಾ 2021ರಿಂದ ನಿಯಮ ತಂದಿದೆ. ಆಡುವ ಹೆಣ್ಣುಮಕ್ಕಳಿಗೂ ಸಂಸಾರ ಇರುತ್ತದೆ ಎಂಬುದನ್ನು ಜಗತ್ತಿನ ಫುಟ್‌ಬಾಲ್ ಒಪ್ಪಿಕೊಂಡಾಗಿದೆ. ಮದುವೆ ಬಗ್ಗೆ ಒಂಬತ್ತನೇ ಕ್ಲಾಸಿನ ಹುಡುಗಿಯ ಎದುರು ಇನ್ನೂ ಏಳೆಂಟು ವರ್ಷ ಮಾತೇ ಎತ್ತಬಾರದು ಅನ್ನುವುದು ನನ್ನ ಅಭಿಪ್ರಾಯ. ಅತ್ತೆಯವರು ಕ್ಷಮಿಸಬೇಕು.

ಹೆಣ್ಣಿಗೆ ಹೇಳಿದ ಆಟ ಅಲ್ಲ ಎಂಬ ಮಾತೂ ನಿಮ್ಮ ಪತ್ರದ ಕೊನೆಯಲ್ಲಿದೆ, ನೆಂಟರು ಅಂದದ್ದು. 1920ರ ಡಿಸೆಂಬರ್‌ನಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಹೆಣ್ಣುಮಕ್ಕಳ ಒಂದು ಪಂದ್ಯಕ್ಕೆ 53,000 ಜನ ಸೇರಿದ್ದರು. ಮರುವರ್ಷವೇ ಅಲ್ಲಿನ ಫುಟ್‌ಬಾಲ್ ಸಂಸ್ಥೆ ತನ್ನ ಮೈದಾನಗಳಲ್ಲಿ ಹೆಂಗಸರು ಆಡುವುದನ್ನು ನಿಷೇಧಿಸಿತು, ಐವತ್ತು ವರ್ಷ ನಿಷೇಧ ತೆಗೆಯಲಿಲ್ಲ. ಬ್ರೆಜಿಲ್‌ನಲ್ಲಿ 1941ರಿಂದ 1979ರವರೆಗೆ ಕಾನೂನೇ ಅಡ್ಡ ನಿಂತಿತ್ತು. ನಮ್ಮಲ್ಲಿ ಅಂಥ ಕಾನೂನು ಇರಲಿಲ್ಲ. 1980ರ ಜನವರಿಯಲ್ಲಿ ಕೋಳಿಕೋಡ್‌ನಲ್ಲಿ ನಡೆದ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ನಮ್ಮ ಹೆಣ್ಣುಮಕ್ಕಳು ಫೈನಲ್ ಆಡಿದ್ದರು. ಆಮೇಲೆ ನಾವೇ ಅವರನ್ನು ಮರೆತೆವು.

ಮರೆತವರಲ್ಲಿ ನಾನೂ ಇದ್ದೇನೆ. ನಿಮ್ಮ ಪತ್ರ ಓದಿದ ಮೇಲೆ ಹಳೆಯ ಸಂಚಿಕೆಗಳನ್ನು ತೆಗೆಸಿ ನೋಡಿದೆ. ಬಾಲಕಿಯರ ಪಂದ್ಯವೊಂದರ ವರದಿ ಸಿಕ್ಕಿತು, ನಾನೇ ತಿದ್ದಿ ಅಚ್ಚಿಗೆ ಕಳಿಸಿದ್ದು. ಉದ್ಘಾಟಿಸಿದವರು, ಅಧ್ಯಕ್ಷತೆ ವಹಿಸಿದವರು, ಟ್ರೋಫಿ ಕೊಟ್ಟವರು ಅಂತ ಏಳು ಹೆಸರಿದೆ. ಗೋಲು ಹೊಡೆದ ಹುಡುಗಿಯ ಹೆಸರಿಲ್ಲ. ನಾಚಿಕೆಯಾಯಿತು. ಇನ್ನು ಮುಂದೆ ನಮ್ಮಲ್ಲಿ ಹಾಗಾಗುವುದಿಲ್ಲ.

ಹೋದ ಭಾನುವಾರ ಬೆಳಿಗ್ಗೆ ಆರೂವರೆಗೆ ಹೈಸ್ಕೂಲ್ ಮೈದಾನಕ್ಕೂ ಹೋಗಿದ್ದೆ. ಒಂದು ಕಡೆ ಕ್ರಿಕೆಟ್ಟು, ಸುತ್ತ ವಾಕಿಂಗ್ ಬಂದವರು, ಮೂಲೆಯಲ್ಲಿ ಹತ್ತು ಹನ್ನೆರಡು ಹುಡುಗರ ಫುಟ್‌ಬಾಲು. ಅವರ ನಡುವೆ ಎರಡು ಜಡೆ ಮಡಚಿ ಕಟ್ಟಿದ ಒಬ್ಬ ಹುಡುಗಿ. ಬೂಟಿನ ಲೇಸನ್ನು ಅಟ್ಟೆಯ ಕೆಳಗಿಂದ ತಂದು ಹರಡಿನ ಸುತ್ತ ಎರಡು ಸುತ್ತು ಬಿಗಿದಿದ್ದಳು. ಎಡಗಾಲಲ್ಲಿ ಚೆಂಡು ಹಿಡಿದು, ಮೈಯನ್ನು ಬಲಕ್ಕೆ ತೂಗಿ, ಇಬ್ಬರನ್ನು ಆ ಕಡೆ ಕಳಿಸಿ ತಾನು ಈ ಕಡೆಯಿಂದ ಹೊರಟಳು. ಹೊರಟ ಮೂರನೇ ಹೆಜ್ಜೆಗೆ ಬೂಟು ಸಡಿಲಿತು. ಬಗ್ಗಿ ಕಟ್ಟಿಕೊಳ್ಳುವಷ್ಟರಲ್ಲಿ ಚೆಂಡು ಇನ್ನೊಬ್ಬನ ಕಾಲಲ್ಲಿತ್ತು. ಅರ್ಧ ಗಂಟೆಯಲ್ಲಿ ಹನ್ನೊಂದು ಸಲ ಬಗ್ಗಿದಳು, ಎಣಿಸಿದೆ. ಹೆಸರು ಕೇಳಲಿಲ್ಲ. ನಿಮ್ಮ ಮಗಳೇ ಇರಬೇಕು.

ಆದ್ದರಿಂದ ಅಕ್ಕಾ, ಪ್ರೊಫೆಷನಲ್ ಆಗುತ್ತಾಳೋ ಇಲ್ಲವೋ ಎಂಬ ತೀರ್ಮಾನ ಈಗ ಬೇಡ. ಅದು ನಿಮ್ಮ ಕೈಯಲ್ಲೂ ಇಲ್ಲ, ಮಾಸ್ತರ ಕೈಯಲ್ಲೂ ಇಲ್ಲ. ಈ ಎರಡು ವರ್ಷ ಆಟ ಬಿಡಿಸಬೇಡಿ, ಶಾಲೆ ಅಂತೂ ಬಿಡಿಸಲೇಬೇಡಿ. ಎಸ್ಸೆಸ್ಸೆಲ್ಸಿ, ಪಿಯುಸಿ ಇಲ್ಲದೆ ಕೋಟಾ ಇದ್ದರೂ ಕೈಗೆ ಬರುವುದು ಕಷ್ಟ. ಶಾಲಾ ಕ್ರೀಡಾಕೂಟದಲ್ಲಿ ತಾಲ್ಲೂಕು, ಜಿಲ್ಲೆ ಅಂತ ಮೇಲೆ ಹೋಗುವ ದಾರಿ ಇದೆ, ಶಾಲಾ ತಂಡಗಳ ರಾಷ್ಟ್ರಮಟ್ಟದ ಫುಟ್‌ಬಾಲ್ ಟೂರ್ನಿ ಸುಬ್ರೊತೊ ಕಪ್‌ನಲ್ಲಿ ಬಾಲಕಿಯರ ವಿಭಾಗ ಇದೆ. ಪ್ರತಿ ಪ್ರಮಾಣಪತ್ರವನ್ನೂ ಜೆರಾಕ್ಸ್ ಮಾಡಿಸಿ ಒಂದು ಫೈಲಿಗೆ ಹಾಕಿಡಿ. ಜನನ ಪ್ರಮಾಣಪತ್ರ, ಆಧಾರ್, ಶಾಲೆಯ ದಾಖಲೆ, ಮೂರರಲ್ಲೂ ಹುಟ್ಟಿದ ದಿನ ಒಂದೇ ಇರಲಿ. ವಯೋಮಿತಿಯ ಟೂರ್ನಿಗಳಲ್ಲಿ ಎಷ್ಟೋ ಮಕ್ಕಳು ಸೋಲುವುದು ಈ ಕಾಗದದಲ್ಲಿ. ಹಿಮೋಗ್ಲೋಬಿನ್ ಒಮ್ಮೆ ಪರೀಕ್ಷೆ ಮಾಡಿಸಿ, 12ಕ್ಕಿಂತ ಕಡಿಮೆ ಇದ್ದರೆ ವೈದ್ಯರಿಗೆ ತೋರಿಸಿ. ಮುಟ್ಟು ಶುರುವಾದ, ದಿನಾ ಓಡುವ ಹುಡುಗಿಗೆ ಬೆಳಗಿನ ಮಂಡಕ್ಕಿ ಸಾಲುವುದಿಲ್ಲ. ಮೊಟ್ಟೆ, ಶೇಂಗಾ, ಹೆಸರುಕಾಳು, ಸೊಪ್ಪು, ರಾಗಿ ಮುದ್ದೆ ಯಾವುದಾದರೂ ದಿನವೂ ತಟ್ಟೆಗೆ ಬೀಳಲಿ. ಬೆಂಗಳೂರಿನಲ್ಲಿ ಸೆಲೆಕ್ಷನ್ ಮಾಡಿಸುತ್ತೇನೆ, ಫಾರಿನ್ ಕಳಿಸುತ್ತೇನೆ, ಇಷ್ಟು ಕೊಡಿ ಅಂತ ಯಾರಾದರೂ ಬಂದರೆ ಬಾಗಿಲಿನಲ್ಲೇ ಕಳಿಸಿಬಿಡಿ. ದೂರದೂರಿಗೆ ಟ್ರಯಲ್ಸ್‌ಗೆ ಹೋಗುವಾಗ ಮನೆಯವರೊಬ್ಬರು ಜೊತೆಗಿರಲಿ.

ಈ ತಿಂಗಳು ಮಾತ್ರ ಒಂದು ಕೆಲಸ ಮಾಡಿ. ಅವಳ ಅಳತೆಯ ಬೂಟು ಕೊಡಿಸಿ. ಸಂಜೆ ಹೊತ್ತು ಹೋಗಿ, ದಿನವೆಲ್ಲ ನಡೆದ ಕಾಲು ಸ್ವಲ್ಪ ಊದಿರುತ್ತದೆ, ಅದೇ ಸರಿಯಾದ ಅಳತೆ. ಆಟಕ್ಕೆ ಹಾಕುವ ದಪ್ಪ ಸಾಕ್ಸ್ ತೊಟ್ಟುಕೊಂಡೇ ಬರಲಿ. ನಮ್ಮ ಮೈದಾನದ ಗಟ್ಟಿ ನೆಲಕ್ಕೆ ಉದ್ದ ಸ್ಟಡ್ ಬೇಡ, ಅಟ್ಟೆಯ ತುಂಬ ಚಿಕ್ಕ ಚಿಕ್ಕ ರಬ್ಬರ್ ಗುಬ್ಬಿ ಇರುವ ಜೊತೆ ಕೇಳಿ. ಬೆಳೆಯುವ ಕಾಲು ಅಂತ ಒಂದು ನಂಬರ್ ದೊಡ್ಡದು ತರಬೇಡಿ. ಹೆಬ್ಬೆರಳಿನ ಮುಂದೆ ನಿಮ್ಮ ಕಿರುಬೆರಳಿನ ಅಗಲದಷ್ಟು ಜಾಗ ಇದ್ದರೆ ಸಾಕು. ಎರಡೂ ಕಾಲಿಗೆ ಹಾಕಿಸಿ, ಲೇಸು ಕಟ್ಟಿಸಿ, ಅಂಗಡಿಯ ಮುಂದೆ ನಾಲ್ಕು ಹೆಜ್ಜೆ ಓಡಿಸಿ ನೋಡಿ.