ಸೂಕ್ಷ್ಮದರ್ಶಕದ ಚಿತ್ರದಲ್ಲಿ ಒಂದು ಪಿಕ್ಸೆಲ್ ಎಂದರೆ ಎಷ್ಟು ಮೈಕ್ರಾನ್?

ಪ್ರಶ್ನೆ: ನಾನು ಸಸ್ಯವಿಜ್ಞಾನದ ಸಂಶೋಧನಾ ವಿದ್ಯಾರ್ಥಿನಿ. ಗೋಧಿ ಎಲೆಯ ಪತ್ರರಂಧ್ರಗಳ ಕಾವಲು ಕೋಶಗಳ ಉದ್ದವನ್ನು ಫಿಜಿ ತಂತ್ರಾಂಶದಲ್ಲಿ ಅಳೆಯುತ್ತಿದ್ದೇನೆ. 40 ಎಕ್ಸ್ ಆಬ್ಜೆಕ್ಟಿವ್‌ನಲ್ಲಿ ತೆಗೆದ ಚಿತ್ರದ ಮೂಲ ಫೈಲನ್ನು ತೆರೆದರೆ ಪಿಕ್ಸೆಲ್ ಅಳತೆ 0.1625 ಮೈಕ್ರಾನ್ ಎಂದು ತೋರಿಸುತ್ತದೆ, ಕಾವಲು ಕೋಶ ಸುಮಾರು 30 ಮೈಕ್ರಾನ್ ಬರುತ್ತದೆ. ಅದೇ ಚಿತ್ರವನ್ನು ಕ್ಯಾಮೆರಾದ ತಂತ್ರಾಂಶದಿಂದ ಟಿಫ್ ಆಗಿ ಉಳಿಸಿಕೊಂಡು ಫಿಜಿಗೆ ಎಳೆದು ಹಾಕಿದರೆ ಅಳತೆ ಇಂಚಿನಲ್ಲಿ ಬರುತ್ತದೆ. ನಾನಾ ಸ್ವರೂಪದ ಚಿತ್ರ ಫೈಲುಗಳನ್ನು ಓದುವ ಬಯೋ-ಫಾರ್ಮ್ಯಾಟ್ಸ್ ಎಂಬ ಪ್ಲಗಿನ್ ಮೂಲಕ ತೆರೆದರೆ ಪಿಕ್ಸೆಲ್ 264.58 ಮೈಕ್ರಾನ್ ಎನ್ನುತ್ತದೆ. ಇದು ಸಾಲದೆಂಬಂತೆ, ಪಕ್ಕದ ವಿಭಾಗದ ಸೂಕ್ಷ್ಮದರ್ಶಕದಲ್ಲಿ ಅದೇ ಸ್ಲೈಡಿನ ಅದೇ ಕೋಶ 47.5 ಮೈಕ್ರಾನ್ ಇದೆ. ಯಾವುದನ್ನು ನಂಬಲಿ? ಆರು ತಿಂಗಳ ಚಿತ್ರಗಳನ್ನೆಲ್ಲ ಮತ್ತೆ ತೆಗೆಯಬೇಕೇ?

ಉತ್ತರ: ಮತ್ತೆ ತೆಗೆಯುವ ಅಗತ್ಯ ಬಹುಶಃ ಇಲ್ಲ. ಮೂಲ ಫೈಲುಗಳನ್ನು ಉಳಿಸಿಕೊಂಡಿದ್ದೀರಿ, ಅದೇ ನಿಮ್ಮನ್ನು ಕಾಪಾಡುತ್ತದೆ. ನಿಮ್ಮ ಪತ್ರದಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಎರಡು ತೊಂದರೆಗಳು ಬೆರೆತಿವೆ. ಟಿಫ್ ತೋರಿಸುವ ಸಂಖ್ಯೆಗಳಿಗೂ ನಿಮ್ಮ ಎಲೆಗೂ ಯಾವ ನಂಟೂ ಇಲ್ಲ, ಅವನ್ನು ಪಕ್ಕಕ್ಕಿಡಬಹುದು. 30 ಮತ್ತು 47.5ರ ನಡುವಿನ ವ್ಯತ್ಯಾಸವೇ ನಿಜವಾದ ಪ್ರಶ್ನೆ, ಮತ್ತು ಅದರಲ್ಲಿ ನನಗೆ ಅನುಮಾನವಿರುವುದು ಮೊದಲ ಸಂಖ್ಯೆಯ ಮೇಲೆ.

ಟಿಫ್ ವಿಷಯವನ್ನು ಮೊದಲು ಮುಗಿಸೋಣ. 1986ರಲ್ಲಿ ಆಲ್ಡಸ್ ಕಂಪನಿ ಈ ಸ್ವರೂಪವನ್ನು ರೂಪಿಸಿದ್ದು ಸ್ಕ್ಯಾನರ್ ಮತ್ತು ಮುದ್ರಣದ ಕೆಲಸಕ್ಕಾಗಿ. ಹೀಗಾಗಿ ರೆಸಲ್ಯೂಷನ್ ಬರೆದಿಡುವ ಟ್ಯಾಗಿನ ಮಾನಕ್ಕೆ ಅದರಲ್ಲಿ ಮೂರೇ ಆಯ್ಕೆಗಳಿವೆ: ಮಾನವಿಲ್ಲ, ಇಂಚು, ಸೆಂಟಿಮೀಟರ್. ಮೈಕ್ರಾನ್‌ಗೆ ಅಲ್ಲಿ ಜಾಗವೇ ಇಲ್ಲ. ಬೇರೇನೂ ತಿಳಿಯದ ತಂತ್ರಾಂಶ ಆ ಟ್ಯಾಗಿನಲ್ಲಿ ಕಂಪ್ಯೂಟರ್ ಪರದೆಯ ರೂಢಿಯ ಸಂಖ್ಯೆಯನ್ನು, ಅಂದರೆ ಇಂಚಿಗೆ 96 ಪಿಕ್ಸೆಲ್ ಎಂದೋ 72 ಎಂದೋ, ತುಂಬಿಬಿಡುತ್ತದೆ. ಫಿಜಿಗೆ ಮೂಲವಾದ ಇಮೇಜ್‌ಜೆಯ ಸ್ವಂತ ಓದುಗ ಅದನ್ನು ಇದ್ದ ಹಾಗೆಯೇ ಇಂಚಿನಲ್ಲಿ ತೋರಿಸುತ್ತದೆ. ಬಯೋ-ಫಾರ್ಮ್ಯಾಟ್ಸ್ ಅದನ್ನು ಮೈಕ್ರಾನ್‌ಗೆ ಪರಿವರ್ತಿಸುತ್ತದೆ: ಒಂದು ಇಂಚಿಗೆ 25,400 ಮೈಕ್ರಾನ್, ಅದನ್ನು 96ರಿಂದ ಭಾಗಿಸಿದರೆ 264.58. ಈ ಲೆಕ್ಕವನ್ನು ನಂಬಿದರೆ ಸುಮಾರು 185 ಪಿಕ್ಸೆಲ್ ಉದ್ದದ ನಿಮ್ಮ ಕಾವಲು ಕೋಶ ಐದು ಸೆಂಟಿಮೀಟರ್ ಹತ್ತಿರ ಬರುತ್ತದೆ. 264.58 ಮತ್ತು 352.78 (ಇದು 72ರ ಲೆಕ್ಕ) ಎಂಬ ಎರಡು ಸಂಖ್ಯೆಗಳ ಪರಿಚಯ ಇಟ್ಟುಕೊಳ್ಳಿ. ಸೂಕ್ಷ್ಮದರ್ಶಕದ ಚಿತ್ರದಲ್ಲಿ ಇವು ಕಂಡರೆ ಅಲ್ಲಿ ಅಳತೆಯ ಮಾಹಿತಿ ಕಳೆದುಹೋಗಿದೆ ಎಂದೇ ಅರ್ಥ.

ಟಿಫ್ ಎಂದ ಮಾತ್ರಕ್ಕೆ ಅಳತೆ ಕಳೆದುಹೋಗಲೇಬೇಕೆಂದಿಲ್ಲ. ಅಳತೆ ನಿಗದಿಯಾಗಿರುವ ಚಿತ್ರವನ್ನು ಫಿಜಿಯಿಂದಲೇ ಟಿಫ್ ಆಗಿ ಉಳಿಸಿದರೆ, ಮಾನವನ್ನೂ ಪದರಗಳ ನಡುವಿನ ಅಂತರವನ್ನೂ ಅದು ಚಿತ್ರವಿವರಣೆಯ ಟ್ಯಾಗಿನಲ್ಲಿ ಅಕ್ಷರಗಳಲ್ಲಿ ಬರೆದಿಡುತ್ತದೆ. ಸೂಕ್ಷ್ಮದರ್ಶಕದ ಚಿತ್ರಗಳಿಗೆಂದೇ ಇರುವ ಒಎಂಇ-ಟಿಫ್ ಎಂಬ ಸ್ವರೂಪ ಅದೇ ಟ್ಯಾಗಿನಲ್ಲಿ ಪೂರ್ಣ ಎಕ್ಸ್‌ಎಂಎಲ್ ದಾಖಲೆಯನ್ನು ಇಟ್ಟು, ಫಿಸಿಕಲ್‌ಸೈಜ್‌ಎಕ್ಸ್, ವೈ, ಝಡ್ ಎಂಬ ಹೆಸರುಗಳಲ್ಲಿ ಅಳತೆಯನ್ನು ಸ್ಪಷ್ಟವಾಗಿ ಹೇಳುತ್ತದೆ. ಬೇರೆಯವರಿಗೆ ಕಳಿಸುವ ಚಿತ್ರಗಳನ್ನು ಈ ರೂಪದಲ್ಲಿ ಕಳಿಸಿ ಎಂಬುದು ನನ್ನ ಸಲಹೆ.

ಈಗ 0.1625ರ ವಿಚಾರ. ಮೂಲ ಫೈಲಿನಲ್ಲಿರುವ ಪಿಕ್ಸೆಲ್ ಅಳತೆಯನ್ನು ಯಂತ್ರವೇ ಅಳೆದು ಬರೆದಿರುತ್ತದೆ ಎಂದು ಅನೇಕರು ಭಾವಿಸುತ್ತಾರೆ. ಕ್ಯಾಮೆರಾ ಜೋಡಿಸಿದ ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಬಹುತೇಕ ಸಂದರ್ಭಗಳಲ್ಲಿ ಅದು ಒಂದು ಭಾಗಾಕಾರದ ಫಲ, ಅಷ್ಟೇ. ಕ್ಯಾಮೆರಾ ಸಂವೇದಕದ ಒಂದು ಪಿಕ್ಸೆಲ್‌ನ ಗಾತ್ರವನ್ನು ಬಿನ್ನಿಂಗ್‌ನಿಂದ (ಪಕ್ಕಪಕ್ಕದ ಪಿಕ್ಸೆಲ್‌ಗಳನ್ನು ಸೇರಿಸಿ ಒಂದಾಗಿ ಓದುವ ಪ್ರಮಾಣ) ಗುಣಿಸಿ, ಆಬ್ಜೆಕ್ಟಿವ್‌ನ ವರ್ಧನೆಯಿಂದಲೂ ಕ್ಯಾಮೆರಾದ ಮುಂದಿರುವ ಅಡಾಪ್ಟರಿನ ವರ್ಧನೆಯಿಂದಲೂ ಭಾಗಿಸಿದರೆ ಆ ಸಂಖ್ಯೆ ಸಿಗುತ್ತದೆ. ಸಂವೇದಕದ ಗಾತ್ರ ಕ್ಯಾಮೆರಾದಿಂದಲೇ ತಿಳಿಯುತ್ತದೆ. ಆದರೆ ಆಬ್ಜೆಕ್ಟಿವ್ ಯಾವುದೆಂದು ತಂತ್ರಾಂಶಕ್ಕೆ ತಾನಾಗಿ ತಿಳಿಯಬೇಕಾದರೆ ತಿರುಗುವ ತಲೆ ಮೋಟಾರಿನದ್ದೋ ಸಂಕೇತವುಳ್ಳದ್ದೋ ಆಗಿರಬೇಕು. ಕೈಯಿಂದ ತಿರುಗಿಸುವ ತಲೆಯಾದರೆ ಪ್ರತಿ ಸಲವೂ ಬಳಕೆದಾರರೇ ಪರದೆಯಲ್ಲಿ ಆರಿಸಬೇಕು. ಅಡಾಪ್ಟರಿನ ವರ್ಧನೆಯನ್ನಂತೂ ಉಪಕರಣ ಸ್ಥಾಪಿಸುವ ದಿನ ಯಾರೋ ಒಬ್ಬರು ಟೈಪ್ ಮಾಡಿರುತ್ತಾರೆ, ಆಮೇಲೆ ಅದನ್ನು ಯಾರೂ ತೆರೆದು ನೋಡುವುದಿಲ್ಲ.

6.5 ಮೈಕ್ರಾನ್ ಪಿಕ್ಸೆಲ್‌ನ ಕ್ಯಾಮೆರಾ ತುಂಬ ಬಳಕೆಯಲ್ಲಿದೆ. 6.5 ಅನ್ನು 40ರಿಂದ ಭಾಗಿಸಿದರೆ ಸರಿಯಾಗಿ 0.1625. ಅಂದರೆ ನಿಮ್ಮ ಫೈಲಿನ ಲೆಕ್ಕದಲ್ಲಿ ಅಡಾಪ್ಟರಿನ ವರ್ಧನೆ 1 ಎಂದು ಇರುವಂತೆ ಕಾಣುತ್ತದೆ. ಇನ್ನು 30 ಅನ್ನು 47.5ರಿಂದ ಭಾಗಿಸಿ ನೋಡಿ: 0.63. ಇದು ಕ್ಯಾಮೆರಾ ಅಡಾಪ್ಟರುಗಳಲ್ಲಿ ಸಾಮಾನ್ಯವಾಗಿ ಸಿಗುವ ವರ್ಧನೆಗಳಲ್ಲಿ ಒಂದು. ಕ್ಯಾಮೆರಾ ಕೂರುವ ಕೊಳವೆಯ ಮೇಲೆ ಆ ಸಂಖ್ಯೆ ಕೆತ್ತಿದ್ದರೆ ಉತ್ತರ ಸಿಕ್ಕಂತೆಯೇ: ನಿಜವಾದ ಪಿಕ್ಸೆಲ್ ಅಳತೆ 6.5 ಅನ್ನು 25.2ರಿಂದ ಭಾಗಿಸಿದಾಗ ಬರುವ 0.258 ಮೈಕ್ರಾನ್, ಮತ್ತು ಪಕ್ಕದ ವಿಭಾಗದವರ ಅಳತೆಯೇ ಸರಿ. ಉದ್ದದಲ್ಲಿ 1.59 ಪಟ್ಟು ಆದ ತಪ್ಪು ವಿಸ್ತೀರ್ಣದಲ್ಲಿ 2.52 ಪಟ್ಟಾಗುತ್ತದೆ. ಪ್ರತಿ ಚದರ ಮಿಲಿಮೀಟರಿಗೆ ಇಷ್ಟು ಪತ್ರರಂಧ್ರಗಳು ಎಂದು ನೀವು ಲೆಕ್ಕ ಹಾಕಿದ್ದರೆ ಆ ಕೋಷ್ಟಕವನ್ನೂ ತಿದ್ದಬೇಕು.

ಆದರೆ ನನ್ನ ಊಹೆಯನ್ನೂ ಪರೀಕ್ಷಿಸದೆ ಒಪ್ಪಿಕೊಳ್ಳಬೇಡಿ. ಇದಕ್ಕೆಂದೇ ಸ್ಟೇಜ್ ಮೈಕ್ರೋಮೀಟರ್ ಎಂಬ ಗಾಜಿನ ಅಳತೆಪಟ್ಟಿ ಇದೆ. ಸಾಮಾನ್ಯವಾಗಿ 1 ಮಿಲಿಮೀಟರನ್ನು 100 ಭಾಗ ಮಾಡಿರುತ್ತಾರೆ, ಒಂದು ಭಾಗ 10 ಮೈಕ್ರಾನ್. ಅದು ಸಿಗದಿದ್ದರೆ ರಕ್ತಕಣ ಎಣಿಸುವ ಸುಧಾರಿತ ನ್ಯೂಬಾವರ್ ಕೋಣೆಯನ್ನು ಯಾವುದಾದರೂ ಲ್ಯಾಬಿನಿಂದ ಒಂದು ಗಂಟೆಗೆ ಕೇಳಿ ತನ್ನಿ. ಅದರ ನಡುವಿನ ಅತಿ ಚಿಕ್ಕ ಚೌಕದ ಬದಿ 50 ಮೈಕ್ರಾನ್. ದಪ್ಪ ಗಾಜಾದ್ದರಿಂದ 40 ಎಕ್ಸ್‌ನಲ್ಲಿ ಪರದಾಡಬೇಡಿ. ಅಡಾಪ್ಟರ್ ಎಲ್ಲ ಆಬ್ಜೆಕ್ಟಿವ್‌ಗಳಿಗೂ ಒಂದೇ ಆದ್ದರಿಂದ 10 ಎಕ್ಸ್‌ನಲ್ಲಿ ನೋಡಿದರೂ ಅದರ ಗುಟ್ಟು ಹೊರಬೀಳುತ್ತದೆ. ಹತ್ತು ಚಿಕ್ಕ ಚೌಕಗಳ ಮೇಲೆ, ಒಂದು ಗೆರೆಯ ಎಡ ಅಂಚಿನಿಂದ ಇನ್ನೊಂದು ಗೆರೆಯ ಎಡ ಅಂಚಿಗೆ, ಫಿಜಿಯಲ್ಲಿ ನೇರ ಗೆರೆ ಎಳೆದು ಪಿಕ್ಸೆಲ್ ಎಣಿಸಿ. ಆ 500 ಮೈಕ್ರಾನ್ ದೂರಕ್ಕೆ ಸುಮಾರು 769 ಪಿಕ್ಸೆಲ್ ಬಂದರೆ ಫೈಲಿನ ಲೆಕ್ಕ ಸರಿ. ಸುಮಾರು 485 ಬಂದರೆ 0.63ರ ಅಡಾಪ್ಟರನ್ನು ಲೆಕ್ಕಕ್ಕೆ ಹಿಡಿದಿಲ್ಲ. ಒಂದೇ ಚೌಕವನ್ನು ಅಳೆದು ತೃಪ್ತಿಪಡಬೇಡಿ, ಗೆರೆಯ ದಪ್ಪವೇ ಮೋಸ ಮಾಡುತ್ತದೆ.

ತಪ್ಪು ಖಚಿತವಾದರೆ, ಚಿತ್ರ ತೆರೆದು ಇಮೇಜ್ ಮೆನುವಿನ ಪ್ರಾಪರ್ಟೀಸ್‌ನಲ್ಲಿ ಅಗಲ ಮತ್ತು ಎತ್ತರಕ್ಕೆ ಹೊಸ ಸಂಖ್ಯೆ ಕೊಡಿ. ಈಗಾಗಲೇ ಅಳೆದ ಉದ್ದಗಳನ್ನು 0.63ರಿಂದ, ವಿಸ್ತೀರ್ಣಗಳನ್ನು 0.397ರಿಂದ ಭಾಗಿಸಿದರೆ ಸಾಕು, ಗೆರೆಗಳನ್ನು ಮತ್ತೆ ಎಳೆಯಬೇಕಾಗಿಲ್ಲ. ಇಲ್ಲಿ ಎರಡು ಕಡೆ ಎಚ್ಚರ ಬೇಕು. ಆರು ತಿಂಗಳಲ್ಲಿ ಕೆಲವು ಚಿತ್ರಗಳನ್ನು 2ರ ಬಿನ್ನಿಂಗ್‌ನಲ್ಲಿ ತೆಗೆದಿರಬಹುದು, ಅವುಗಳ ಪಿಕ್ಸೆಲ್ ಅಳತೆ ದುಪ್ಪಟ್ಟು. ಹಾಗಾಗಿ ಪ್ರತಿ ಫೈಲಿನ ಮೆಟಾಡೇಟಾದಲ್ಲಿ, ಅಂದರೆ ಚಿತ್ರದ ಜೊತೆ ಬರೆದಿಟ್ಟ ವಿವರಗಳಲ್ಲಿ, ಬಿನ್ನಿಂಗ್ ಮತ್ತು ಆಬ್ಜೆಕ್ಟಿವ್ ಎರಡನ್ನೂ ನೋಡಿ. ಬಯೋ-ಫಾರ್ಮ್ಯಾಟ್ಸ್ ಇಂಪೋರ್ಟರಿನಲ್ಲಿ ಮೆಟಾಡೇಟಾ ತೋರಿಸುವ ಆಯ್ಕೆಗೆ ಗುರುತು ಹಾಕಿದರೆ ಎಲ್ಲವೂ ಒಂದೇ ಕಡೆ ಸಿಗುತ್ತವೆ. ಎರಡನೆಯದು, ಸೆಟ್ ಸ್ಕೇಲ್ ಪೆಟ್ಟಿಗೆಯಲ್ಲಿರುವ ಗ್ಲೋಬಲ್ ಎಂಬ ಗುರುತು. ಅದನ್ನು ಹಾಕಿದರೆ ಆಮೇಲೆ ತೆರೆಯುವ ಪ್ರತಿ ಚಿತ್ರಕ್ಕೂ, ಅದರ ಸ್ವಂತ ಅಳತೆ ಏನೇ ಇರಲಿ, ಈ ಅಳತೆಯೇ ಅನ್ವಯವಾಗುತ್ತದೆ. 10 ಎಕ್ಸ್‌ನ ಅಳತೆ ಹೀಗೆ 40 ಎಕ್ಸ್‌ನ ಚಿತ್ರಗಳಿಗೆಲ್ಲ ಅಂಟಿಕೊಂಡು ಒಂದು ಇಡೀ ಅಧ್ಯಾಯವನ್ನು ಮತ್ತೆ ಬರೆಯಬೇಕಾಗಿ ಬಂದದ್ದನ್ನು ನಾನು ಹತ್ತಿರದಿಂದ ನೋಡಿದ್ದೇನೆ, ಅದಕ್ಕಾಗಿ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಮುಂದೆ ಪೈಥಾನ್‌ನಲ್ಲಿ ನೇರವಾಗಿ ಮೆಟಾಡೇಟಾ ಓದುವ ಯೋಚನೆಯಿದ್ದರೆ, ಒಂದೊಂದು ಸ್ವರೂಪದ ರೂಢಿ ಒಂದೊಂದು ಎಂಬುದು ನೆನಪಿರಲಿ. ಝೈಸ್ ಕಂಪನಿಯ ಸಿಝಡ್‌ಐ ಫೈಲಿನೊಳಗಿನ ಎಕ್ಸ್‌ಎಂಎಲ್‌ನಲ್ಲಿ ದೂರ ಮೀಟರುಗಳಲ್ಲಿರುತ್ತದೆ, ಅದನ್ನು ಹತ್ತು ಲಕ್ಷದಿಂದ ಗುಣಿಸಿದರೆ ಮೈಕ್ರಾನ್. ಲೈಕಾ ಕಂಪನಿಯ ಎಲ್‌ಐಎಫ್‌ನಲ್ಲಿ ಪಿಕ್ಸೆಲ್ ಅಳತೆಯೇ ಇರುವುದಿಲ್ಲ, ಒಟ್ಟು ಉದ್ದ ಮತ್ತು ಪಿಕ್ಸೆಲ್‌ಗಳ ಸಂಖ್ಯೆ ಇರುತ್ತವೆ. ಆ ಉದ್ದವನ್ನು ಪಿಕ್ಸೆಲ್ ಸಂಖ್ಯೆಯಿಂದ ಭಾಗಿಸಬೇಕೋ ಅದಕ್ಕಿಂತ ಒಂದು ಕಡಿಮೆಯಿಂದಲೋ ಎಂಬುದರಲ್ಲಿ ಬಯೋ-ಫಾರ್ಮ್ಯಾಟ್ಸ್‌ನ 5.3.2ರವರೆಗಿನ ಆವೃತ್ತಿಗಳಿಗೂ ನಂತರದವುಗಳಿಗೂ ವ್ಯತ್ಯಾಸವಿದೆ. 1024 ಪಿಕ್ಸೆಲ್‌ನ ಚಿತ್ರದಲ್ಲಿ ಅದು ಶೇ. 0.1ರಷ್ಟು ಮಾತ್ರ, ನಿಮ್ಮ ಕೆಲಸಕ್ಕೆ ಲೆಕ್ಕಕ್ಕಿಲ್ಲ. ಆದರೂ ಹಳೆಯ ಮತ್ತು ಹೊಸ ಫಲಿತಾಂಶಗಳು ಕೂದಲೆಳೆಯಷ್ಟು ತಪ್ಪಿದಾಗ ಕಾರಣ ತಿಳಿದಿದ್ದರೆ ನೆಮ್ಮದಿ.

ಪ್ರಶ್ನೆ: ನಾನು ರೋಗಶಾಸ್ತ್ರ ವಿಭಾಗದಲ್ಲಿದ್ದೇನೆ. ಸ್ಕ್ಯಾನ್ ಮಾಡಿದ ಸ್ಲೈಡುಗಳಿಂದ ಉಳಿಸಿಕೊಂಡ ಜೆಪೆಗ್ ತುಣುಕುಗಳನ್ನು ಸ್ಲೈಡ್ ಚಿತ್ರಗಳನ್ನು ವಿಶ್ಲೇಷಿಸುವ ಕ್ಯುಪಾತ್ ತಂತ್ರಾಂಶದಲ್ಲಿ ತೆರೆದರೆ ಅಳತೆ ಮೈಕ್ರಾನ್ ಬದಲು ಪಿಕ್ಸೆಲ್‌ನಲ್ಲೇ ಬರುತ್ತದೆ. ಕೋಶ ಗುರುತಿಸುವ ಆಜ್ಞೆಯೂ ಮೈಕ್ರಾನ್ ಕೇಳುತ್ತಿಲ್ಲ. 40 ಎಕ್ಸ್ ಸ್ಕ್ಯಾನ್ ಆದ್ದರಿಂದ 0.25 ಎಂದು ತುಂಬಿಬಿಡಬಹುದೇ?

ಉತ್ತರ: ಹಾಗೆ ತುಂಬಬೇಡಿ. 40 ಎಕ್ಸ್ ಸ್ಕ್ಯಾನ್‌ಗಳಲ್ಲಿ ಪಿಕ್ಸೆಲ್ ಸುಮಾರು 0.25 ಮೈಕ್ರಾನ್, 20 ಎಕ್ಸ್‌ನಲ್ಲಿ ಸುಮಾರು 0.5 ಇರುವುದು ನಿಜ, ಆದರೆ ಸ್ಕ್ಯಾನರಿನಿಂದ ಸ್ಕ್ಯಾನರಿಗೆ ಅದು ಕೊಂಚ ಬದಲಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ತುಣುಕನ್ನು ಉಳಿಸುವಾಗ ಚಿತ್ರವನ್ನು ಕುಗ್ಗಿಸಿದ್ದರೆ ಈ ಸಂಖ್ಯೆಗೆ ಅರ್ಥವೇ ಇಲ್ಲ: ನಾಲ್ಕನೇ ಒಂದಕ್ಕೆ ಕುಗ್ಗಿಸಿದ ತುಣುಕಿನಲ್ಲಿ ಪಿಕ್ಸೆಲ್ 1 ಮೈಕ್ರಾನ್ ಆಗಿರುತ್ತದೆ. ಮೂಲ ಸ್ಲೈಡ್ ಫೈಲನ್ನೇ ಕ್ಯುಪಾತ್‌ನಲ್ಲಿ ತೆರೆಯಿರಿ. ಏಪೀರಿಯೋ ಸ್ಕ್ಯಾನರುಗಳ ಎಸ್‌ವಿಎಸ್ ಫೈಲಾದರೆ ಅದರ ಚಿತ್ರವಿವರಣೆಯಲ್ಲಿ ಎಂಪಿಪಿ, ಅಂದರೆ ಪಿಕ್ಸೆಲ್ಲೊಂದಕ್ಕೆ ಎಷ್ಟು ಮೈಕ್ರಾನ್ ಎಂಬುದು, ಬರೆದಿರುತ್ತದೆ; ಇಮೇಜ್ ಟ್ಯಾಬಿನಲ್ಲಿ ಪಿಕ್ಸೆಲ್ ಅಗಲ ತಾನಾಗಿ ಕಾಣಿಸುತ್ತದೆ, ಕೋಶ ಗುರುತಿಸುವ ಆಜ್ಞೆಯೂ ಮೈಕ್ರಾನ್‌ನಲ್ಲೇ ಕೇಳುತ್ತದೆ. ಮೂಲ ಫೈಲ್ ಕೈಗೆ ಸಿಗದೆ ತುಣುಕಷ್ಟೇ ಉಳಿದಿದ್ದರೆ, ಅದನ್ನು ಉಳಿಸಿದವರಿಂದ ಎಂಪಿಪಿಯನ್ನೂ ಎಷ್ಟು ಕುಗ್ಗಿಸಿದ್ದರೆಂಬುದನ್ನೂ ಕೇಳಿ ತಿಳಿದು, ಎರಡನ್ನೂ ಗುಣಿಸಿ ಬಂದ ಸಂಖ್ಯೆಯನ್ನು ಆ ಅಗಲದ ಮೇಲೆ ಎರಡು ಸಲ ಕ್ಲಿಕ್ ಮಾಡಿ ತುಂಬಿ. ತುಂಬಿದ ಮೇಲೆ ರಕ್ತನಾಳದೊಳಗಿನ ಒಂದಷ್ಟು ಕೆಂಪು ರಕ್ತಕಣಗಳ ಮೇಲೆ ಗೆರೆ ಎಳೆದು ನೋಡಿ. ರಕ್ತದಲ್ಲಿ ಅವುಗಳ ವ್ಯಾಸ 7ರಿಂದ 8 ಮೈಕ್ರಾನ್, ಸಂಸ್ಕರಿಸಿದ ಅಂಗಾಂಶದಲ್ಲಿ ತುಸು ಕುಗ್ಗಿರುತ್ತವೆ. ಅಲ್ಲಿ 2 ಎಂದೋ 28 ಎಂದೋ ಬಂದರೆ ಕುಗ್ಗಿಸಿದ ಪ್ರಮಾಣ ತಪ್ಪಾಗಿದೆ, ತುಣುಕು ಕಳಿಸಿದವರನ್ನು ಮತ್ತೊಮ್ಮೆ ಕೇಳಿ.