ಪ್ರೋಬಯಾಟಿಕ್ (ಒಳ್ಳೆಯ ಬ್ಯಾಕ್ಟೀರಿಯಾ ತುಂಬಿದ) ಕ್ಯಾಪ್ಸೂಲ್ ಶುರು ಮಾಡಿದರೆ ಅಮ್ಮನ ಸಕ್ಕರೆ ಕಾಯಿಲೆಯ ಮಾತ್ರೆ ಮೆಟ್‌ಫಾರ್ಮಿನ್ ನಿಲ್ಲಿಸಬಹುದೇ?

ದಯವಿಟ್ಟು ನಿಲ್ಲಿಸಬೇಡಿ. ಅಮ್ಮನ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) 8.1 ಇದೆ, ಮಾತ್ರೆಯಿಂದ ಹೊಟ್ಟೆ ಕೆಡುತ್ತದೆ ಅಂತ ಬರೆದಿದ್ದೀರಿ. ಇದುವರೆಗಿನ ಪ್ರಯೋಗಗಳನ್ನು ಒಟ್ಟಿಗೆ ನೋಡಿದರೆ ಪ್ರೋಬಯಾಟಿಕ್‌ನಿಂದ ಈ ಅಂಕಿ ಇಳಿಯುವುದು ಸರಾಸರಿ 0.5ಕ್ಕಿಂತ ಕಡಿಮೆ. ಮೆಟ್‌ಫಾರ್ಮಿನ್ ಒಂದೇ ಸುಮಾರು 1ರಷ್ಟು ಇಳಿಸುತ್ತದೆ. ಹೊಟ್ಟೆ ಉಬ್ಬರ, ಭೇದಿ ಇದ್ದರೆ ಮಾತ್ರೆಯನ್ನು ಊಟದ ಜೊತೆಗೇ ಕೊಡಿ. ಆಗಲೂ ಸರಿಹೋಗದಿದ್ದರೆ ನಿಧಾನವಾಗಿ ಕರಗುವ ಎಸ್‌ಆರ್ ಮಾತ್ರೆ ಬರೆದುಕೊಡಲು ಡಾಕ್ಟರನ್ನು ಕೇಳಿ.

ಕ್ಯಾಪ್ಸೂಲಿನ ಬ್ಯಾಕ್ಟೀರಿಯಾಗಳು ಬಹುಮಟ್ಟಿಗೆ ಬಂದು ಹೋಗುವ ನೆಂಟರು, ನುಂಗುವುದು ಬಿಟ್ಟ ಕೆಲವು ವಾರಗಳಲ್ಲಿ ಕಾಣೆಯಾಗುತ್ತವೆ. ಕರುಳಲ್ಲಿ ಈಗಾಗಲೇ ನೆಲೆಸಿರುವವಕ್ಕೆ ಮೇವು ಹಾಕುವುದೇ ಮೇಲು ಅನ್ನುತ್ತೇನೆ. ಆ ಮೇವು ನಾರು. ನಮಗೆ ಅರಗದ ನಾರನ್ನು ಅವು ದೊಡ್ಡಕರುಳಲ್ಲಿ ಹುದುಗಿಸಿ ಬ್ಯುಟಿರೇಟ್‌ನಂಥ ಆಮ್ಲ ಮಾಡುತ್ತವೆ. ಅದರಿಂದ ಜಿಎಲ್‌ಪಿ-1 ಹಾರ್ಮೋನು ಹೊರಬಂದು, ಉಂಡ ಮೇಲೆ ಇನ್ಸುಲಿನ್ ಸುರಿಯಲು ನೆರವಾಗುತ್ತದೆ. 2012ರಲ್ಲಿ ಚೀನಾದ 345 ಜನರ ಮಲದ ಮಾದರಿ ಪರೀಕ್ಷಿಸಿದಾಗ ಮಧುಮೇಹಿಗಳಲ್ಲಿ ಬ್ಯುಟಿರೇಟ್ ಮಾಡುವ ಬಗೆಗಳೇ ಕಡಿಮೆ ಕಂಡವು.

ದಿನಕ್ಕೆ 25ರಿಂದ 30 ಗ್ರಾಂ ನಾರು ಬೇಕು. 100 ಗ್ರಾಂ ಬಿಳಿ ಅಕ್ಕಿಯಲ್ಲಿ ಸಿಗುವುದು ಸುಮಾರು 3 ಗ್ರಾಂ, ರಾಗಿಯಲ್ಲಿ 11, ಇಡೀ ಹೆಸರುಕಾಳಿನಲ್ಲಿ 17. ಹಾಗಾಗಿ ಅನ್ನ ಅರ್ಧಕ್ಕಿಳಿಸಿ, ಆ ಜಾಗಕ್ಕೆ ಒಂದು ಬಟ್ಟಲು ಕಾಳಿನ ಉಸಲಿ, ಇನ್ನೊಂದು ಬಟ್ಟಲು ಸೊಪ್ಪಿನ ಪಲ್ಯ ಬರಲಿ. ರಾಗಿ ಒಳ್ಳೆಯದೆಂದು ಎರಡು ಮುದ್ದೆ ಉಂಡರೆ ಸಕ್ಕರೆ ಏರಿಯೇ ಏರುತ್ತದೆ, ಅದರಲ್ಲೂ ಹೆಚ್ಚಿನದು ಪಿಷ್ಟವೇ. ನಾರನ್ನು ಒಮ್ಮೆಲೇ ಹೆಚ್ಚಿಸಿದರೆ ಗ್ಯಾಸು ತಡೆಯಲಾಗದೆ ಮೂರೇ ದಿನಕ್ಕೆ ಬಿಟ್ಟುಬಿಡುತ್ತಾರೆ. ವಾರಕ್ಕೆ 5 ಗ್ರಾಂನಂತೆ ಏರಿಸಿ, ಕಾಳನ್ನು ರಾತ್ರಿಯಿಡೀ ನೆನೆಸಿ ಆ ನೀರು ಚೆಲ್ಲಿ ಬೇಯಿಸಿ, ನೀರೂ ಹೆಚ್ಚು ಕುಡಿಯಲಿ.

ಮನೆಯ ಮೊಸರು, ಮಜ್ಜಿಗೆ ಧಾರಾಳವಾಗಿ ಇರಲಿ, ಸಕ್ಕರೆ ಮಾತ್ರ ಬೇಡ. ಮಜ್ಜಿಗೆಹುಳಿ ಕುದಿಸಿದಾಗ, ಇಡ್ಲಿ ಬೆಂದಾಗ ಬ್ಯಾಕ್ಟೀರಿಯಾ ಉಳಿಯುವುದಿಲ್ಲ. ಹಿಟ್ಟು ಹುದುಗಿದೆ ಎಂದಮಾತ್ರಕ್ಕೆ ಇಡ್ಲಿ ಪ್ರೋಬಯಾಟಿಕ್ ಆಗದು. ಅಂಗಡಿಯ ಪ್ರೋಬಯಾಟಿಕ್ ಪಾನೀಯ ಕೊಳ್ಳುವ ಮುನ್ನ ಲೇಬಲ್ ಓದಿ, ಪುಟ್ಟ ಬಾಟಲಿಯಲ್ಲೇ 10 ಗ್ರಾಂನಷ್ಟು ಸಕ್ಕರೆ ಇರುವುದುಂಟು.

ಕ್ಯಾಪ್ಸೂಲ್ ಕೊಟ್ಟು ನೋಡಲೇಬೇಕೆಂದರೆ ಬ್ಯಾಕ್ಟೀರಿಯಾ ತಳಿಯ ಪೂರ್ತಿ ಹೆಸರು, ಎಕ್ಸ್‌ಪೈರಿ ದಿನದವರೆಗೆ ಉಳಿಯುವ ಜೀವಾಣು ಸಂಖ್ಯೆ ಎರಡೂ ಮುದ್ರಿತವಾಗಿರುವುದನ್ನೇ ಆರಿಸಿ. 12 ವಾರ ಕೊಟ್ಟು ಎಚ್‌ಬಿಎ1ಸಿ ಮತ್ತೆ ಮಾಡಿಸಿ, ಇಳಿದಿರದಿದ್ದರೆ ಆ ದುಡ್ಡನ್ನು ತರಕಾರಿಗೆ ಹಾಕಿ. ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ನಡೆಯುತ್ತಿದ್ದರೆ ಇದರ ಗೋಜಿಗೇ ಹೋಗಬೇಡಿ. ಕಿಡ್ನಿ ತೊಂದರೆ ಇದ್ದರೆ ಕಾಳು, ಸೊಪ್ಪು ಹೆಚ್ಚಿಸುವ ಮೊದಲೇ ಡಾಕ್ಟರನ್ನು ಕೇಳಿ.

ಗ್ಲಿಮೆಪಿರೈಡ್ (ಸಕ್ಕರೆ ಇಳಿಸುವ ಇನ್ನೊಂದು ಮಾತ್ರೆ) ಅಥವಾ ಇನ್ಸುಲಿನ್ ಕೂಡ ನಡೆಯುತ್ತಿದ್ದರೆ, ಅನ್ನ ಕಡಿಮೆ ಮಾಡಿದ ಮೊದಲ ಎರಡು ವಾರ ಗ್ಲೂಕೋಮೀಟರಿನಲ್ಲಿ ದಿನವೂ ನೋಡಿ. 70ಕ್ಕಿಂತ ಕೆಳಗಿಳಿದರೆ ಕೂಡಲೇ ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ, ಅದೇ ದಿನ ಡೋಸ್ ಬಗ್ಗೆ ಡಾಕ್ಟರಿಗೆ ಫೋನ್ ಮಾಡಿ.